ಜಮೀನಿನ ಲೆಕ್ಕಕ್ಕೆ ಆಕಾಶದ ಚಿತ್ರ ಸಾಕೇ?

ಯಾರ ಜಮೀನು ಎಲ್ಲಿಂದ ಎಲ್ಲಿಯವರೆಗೆ ಇದೆ? ಅದು ಹೊಲವೋ, ತೋಟವೋ, ಕಾಡೋ? ಯಾವಾಗಿನಿಂದ ಸಾಗುವಳಿಯಲ್ಲಿದೆ? ಇವನ್ನೆಲ್ಲ ತೀರ್ಮಾನ ಮಾಡುವಾಗ ಸರಕಾರ ಡ್ರೋನ್ ಮತ್ತು ಉಪಗ್ರಹದ ಚಿತ್ರಕ್ಕೆ ಮೊದಲ ಸ್ಥಾನ ಕೊಡಬೇಕಾ? ಕೊಡಬೇಕು ಅನ್ನುವವರು ಬಯಲುಸೀಮೆಯ ಒಬ್ಬ ಪರವಾನಗಿ ಭೂಮಾಪಕರು. ಬೇಡ ಅನ್ನುವವರು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರು.

ಪರ: ಸರಪಳಿ ನಂಬಿದವರಿಗೆ ಡ್ರೋನ್ ಯಾಕೆ ಬೇಡ?

ಕರ್ನಾಟಕದ ಜಮೀನು ಈಗಲೂ 33 ಅಡಿ ಸರಪಳಿಯ ಲೆಕ್ಕದಲ್ಲೇ ಇದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಸರಪಳಿಯ ಹದಿನಾರರಲ್ಲಿ ಒಂದು ಭಾಗಕ್ಕೆ ಆಣೆ ಅಂತ ಹೆಸರು. ಬ್ರಿಟಿಷರ ಕಾಲದ ಭೂಮಾಪಕ ಕಬ್ಬಿಣದ ಸರಪಳಿ ಎಳೆದು, ಹೊಲದಲ್ಲೇ ನಿಂತು ಟಿಪ್ಪಣಿ ಬರೆದ. ಇವತ್ತು ಹದ್ದುಬಸ್ತಿಗೆ, ಅಂದರೆ ಗಡಿ ಗುರುತು ಮಾಡಿಕೊಡಲು, ಹೋಗುವಾಗ ನಾನು ಹಿಡಿದು ಹೋಗುವುದು ಆ ಟಿಪ್ಪಣಿಯ ನಕಲನ್ನೇ. ಮೂಲ ಹಾಳೆಗಳು ಎಷ್ಟೋ ಕಡೆ ಮುಟ್ಟಿದರೆ ಮುರಿಯುತ್ತವೆ. ಮಡಿಕೆ ಬಿದ್ದ ಜಾಗದಲ್ಲಿ ಅಂಕಿ ಅಳಿಸಿಹೋಗಿರುತ್ತದೆ. ಮೂರೋ ಎಂಟೋ ಅಂತ ತಿಳಿಯದೆ ಬಾಂದು ಕಲ್ಲು ಹುಡುಕಿಕೊಂಡು ಹೋದರೆ, ಕಲ್ಲನ್ನು ಯಾರೋ ಮನೆ ಮೆಟ್ಟಿಲಿಗೆ ಹಾಕಿಕೊಂಡಿರುತ್ತಾರೆ.

ಹಳಬರ ಕೆಲಸವನ್ನು ನಾನು ಹೀಗಳೆಯುತ್ತಿಲ್ಲ. ಆಗಿನ ಸಲಕರಣೆಯಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸ. ಆದರೆ ಸರಪಳಿಗೆ ಒಂದು ಮಿತಿ ಇದೆ. ಕೊಂಡಿಗಳು ಸವೆದು ಸರಪಳಿ ಒಂದೇ ಒಂದು ಇಂಚು ಉದ್ದ ಆಗಿದೆ ಅಂದುಕೊಳ್ಳಿ. ಹತ್ತು ಸರಪಳಿ ಉದ್ದದ, ಅಂದರೆ 330 ಅಡಿಯ ಹೊಲ ಅಳೆದರೆ ಹತ್ತು ಇಂಚು ತಪ್ಪು. ಹೊಲದ ಅಗಲವೂ 330 ಅಡಿ ಇದ್ದರೆ, ಹತ್ತು ಇಂಚಿನ ಆ ಪಟ್ಟಿ 275 ಚದರ ಅಡಿ. ಹೆಚ್ಚುಕಡಿಮೆ ಕಾಲು ಗುಂಟೆ. ಬೆಂಗಳೂರಿನ ಸುತ್ತಮುತ್ತ ಕಾಲು ಗುಂಟೆಗೆ ಜನ ಹೈಕೋರ್ಟ್ ಮೆಟ್ಟಿಲು ಹತ್ತುತ್ತಾರೆ.

ಡ್ರೋನ್ ಸರ್ವೆಯಲ್ಲಿ ಈ ತರಹದ ತಪ್ಪು ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಡ್ರೋನ್ ಸುಮಾರು ನೂರಿಪ್ಪತ್ತು ಮೀಟರ್ ಎತ್ತರದಲ್ಲಿ ಸಾಲು ಸಾಲಾಗಿ ಓಡಾಡುತ್ತಾ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ನೂರಾರು ಫೋಟೊ ತೆಗೆಯುತ್ತದೆ. ನೆಲದ ಮೇಲಿನ ಕೆಲವು ಬಿಂದುಗಳ ನಿಖರ ಸ್ಥಾನವನ್ನು ಬೇರೆಯಾಗಿ ಅಳೆದು ಇಟ್ಟಿರುತ್ತಾರೆ. ಇದಕ್ಕೆ ಕಾರ್ಸ್ ಅನ್ನುವ ನಿಲ್ದಾಣಗಳ ಜಾಲ ಇದೆ. ಹಗಲು ರಾತ್ರಿ ಉಪಗ್ರಹದ ಸಂಕೇತ ಹಿಡಿದು, ಜಿಪಿಎಸ್‌ನ ತಪ್ಪನ್ನು ಆಗಿಂದಾಗ್ಗೆ ತಿದ್ದಿ ಕಳಿಸುವುದು ಆ ನಿಲ್ದಾಣಗಳ ಕೆಲಸ. ಎಲ್ಲ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಎತ್ತರ ತಗ್ಗಿನಿಂದ ಆಗುವ ವಾಲಿಕೆಯನ್ನು ತೆಗೆದರೆ, ಅಳತೆ ಹಿಡಿಯಬಹುದಾದ ಒಂದೇ ಚಿತ್ರ ಸಿಗುತ್ತದೆ. ಹಳ್ಳಿಯ ಮನೆಗಳನ್ನು ಅಳೆದು ಆಸ್ತಿ ಕಾರ್ಡ್ ಕೊಡುವ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾ ಇಟ್ಟುಕೊಂಡಿರುವ ಗುರಿ 5 ಸೆಂಟಿಮೀಟರ್ ನಿಖರತೆ. ಹತ್ತಿಪ್ಪತ್ತು ಸರಪಳಿ ಎಳೆದ ಮೇಲೂ ತಪ್ಪು ಬರೀ ಎರಡು ಇಂಚು ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ನಿಖರತೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ನಾನು ಹೊಲ ಅಳೆದರೆ ಆ ಹೊತ್ತಿಗೆ ಅಲ್ಲಿದ್ದವರು ನಾಲ್ಕು ಜನ. ಸರಪಳಿ ಯಾರ ಕಡೆ ವಾಲಿತು, ಕಲ್ಲು ಎಲ್ಲಿ ನೆಟ್ಟರು ಅನ್ನೋದಕ್ಕೆ ಆಮೇಲೆ ಅವರ ಬಾಯಿಮಾತೇ ಸಾಕ್ಷಿ. ನಮ್ಮ ಕಸುಬಿನ ಬಗ್ಗೆ ಜನ ಏನು ಆಡಿಕೊಳ್ಳುತ್ತಾರೆ ಅಂತ ನನಗೆ ಗೊತ್ತು, ಎಲ್ಲವೂ ಸುಳ್ಳು ಅಂತ ಹೇಳುವುದಿಲ್ಲ. ಚಿತ್ರದ ಗುಣ ಏನೆಂದರೆ ಅದು ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ಬೇರೆ ಊರಿನ, ಬೇರೆ ಇಲಾಖೆಯ, ಯಾರ ಹಂಗೂ ಇಲ್ಲದ ಒಬ್ಬರು ಅದೇ ಚಿತ್ರವನ್ನು ತೆರೆದು ಅದೇ ಬದುವನ್ನು ಮತ್ತೆ ಅಳೆಯಬಹುದು. ನಾನು ಮಾಡಿದ ತಪ್ಪು ಸಿಕ್ಕಿಬೀಳುತ್ತದೆ. ಸರಪಳಿ ಸರ್ವೆಯಲ್ಲಿ ಸಿಕ್ಕಿಬೀಳಲ್ಲ.

ಪಹಣಿಯ ಕಥೆ ನಿಮಗೇ ಗೊತ್ತು. ಕಾಲಂ 3ರಲ್ಲಿ ಒಂದು ವಿಸ್ತೀರ್ಣ ಇರುತ್ತದೆ. ಕಾಲಂ 9ರಲ್ಲಿ ಹೆಸರುಗಳ ಎದುರು ಇರುವುದನ್ನು ಕೂಡಿದರೆ ಇನ್ನೊಂದು ಬರುತ್ತದೆ. ವಿಸ್ತೀರ್ಣ, ಕಂದಾಯದ ಮೂಲ ಪಟ್ಟಿಯಾದ ಆಕಾರಬಂದ್ ತೆಗೆದರೆ ಮೂರನೆಯದು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಾಗ ನಾವೆಲ್ಲ ಖುಷಿಪಟ್ಟೆವು. ಆದರೆ ಭೂಮಿ ಕಂಪ್ಯೂಟರಿಗೆ ತಂದದ್ದು ಅಕ್ಷರಗಳನ್ನು, ನಕ್ಷೆಯನ್ನಲ್ಲ. ಹಳೆಯ ತಪ್ಪು ಸ್ಪಷ್ಟವಾದ ಅಚ್ಚಿನಲ್ಲಿ ಬಂತು, ಅಷ್ಟೇ. ಒಂದು ಸರ್ವೆ ನಂಬರಿನಲ್ಲಿ ಏಳೆಂಟು ಹೆಸರು, ಪೋಡಿ (ಒಬ್ಬೊಬ್ಬರ ತುಂಡನ್ನು ಅಳೆದು ಬೇರೆ ನಂಬರು ಕೊಡುವುದು) ಆಗಿಲ್ಲ, ಯಾರ ತುಂಡು ಎಲ್ಲಿದೆ ಅಂತ ಕಾಗದದಲ್ಲಿ ಎಲ್ಲೂ ಇಲ್ಲ. ಇಂಥವರು ಸಾಲಕ್ಕೆ ಹೋದರೆ, ಮಾರಲು ಹೋದರೆ, ತಮ್ಮ ತುಂಡಿನ ಅಳತೆ ತೋರಿಸುವ 11ಇ ನಕ್ಷೆ ಬೇಕು ಅಂತ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಇಡೀ ಊರಿನ ಚಿತ್ರ ಒಂದೇ ಸಲ ಸಿಕ್ಕರೆ, ಯಾರು ಎಲ್ಲಿ ಉಳುತ್ತಿದ್ದಾರೆ ಅನ್ನುವುದು ಮೇಜಿನ ಮೇಲೆ ಹರಡಿಕೊಂಡಿರುತ್ತದೆ. ಒಬ್ಬೊಬ್ಬರ ಅರ್ಜಿಗೂ ಒಂದೊಂದು ಸಲ ಊರಿಗೆ ಹೋಗಿ ಅಳೆಯುವ ಕೆಲಸ ಅರ್ಧ ತಪ್ಪುತ್ತದೆ. (ಹಾಗಾದರೆ ನಿಮ್ಮ ಹೊಟ್ಟೆಪಾಡು ಏನು ಅಂತ ನನ್ನನ್ನು ಕೇಳುತ್ತಾರೆ. ಬಾಕಿ ಇರುವ ಪೋಡಿ ನೋಡಿದರೆ ನನ್ನ ಮಗನ ಕಾಲಕ್ಕೂ ಕೆಲಸ ಇದೆ.)

ಗ್ರಾಮಠಾಣಾದ, ಅಂದರೆ ಊರಿನ ಮನೆಗಳಿರುವ ಜಾಗದ, ಒಳಗೆ ಪರಿಸ್ಥಿತಿ ಇನ್ನೂ ಕಷ್ಟ. ಹಳೆಯ ಸರ್ವೆ ಕಂದಾಯಕ್ಕಾಗಿ ನಡೆದದ್ದು. ಕಂದಾಯ ಬರುವುದು ಹೊಲದಿಂದ. ಹಾಗಾಗಿ ಹೊಲಕ್ಕೆ ನಂಬರು, ನಕ್ಷೆ ಎಲ್ಲ ಆಯಿತು. ಊರು ಇದ್ದ ಜಾಗಕ್ಕೆ ಸುತ್ತ ಒಂದು ಗೆರೆ ಎಳೆದು ಬಿಟ್ಟರು. ಒಳಗಿನ ಮನೆಗಳಿಗೆ ಇವತ್ತಿಗೂ ಎಷ್ಟೋ ಕಡೆ ಪಂಚಾಯಿತಿಯ ಮನೆ ಕಂದಾಯದ ರಶೀದಿ, ಈ-ಸ್ವತ್ತು ಅನ್ನುವ ಪಂಚಾಯಿತಿಯ ಆನ್‌ಲೈನ್ ದಾಖಲೆಯ ನಮೂನೆ ಬಿಟ್ಟರೆ ಅಳತೆಯ ನಕ್ಷೆ ಇಲ್ಲ. ನಾಲ್ಕು ತಲೆಮಾರು ಬಾಳಿದ ಮನೆ ಬ್ಯಾಂಕಿನವರ ಕಣ್ಣಿಗೆ ಆಸ್ತಿಯೇ ಅಲ್ಲ.

ಸ್ವಾಮಿತ್ವ ಶುರುವಾದದ್ದು ಈ ಕೊರತೆ ತುಂಬಲು. 2020ರ ಏಪ್ರಿಲ್ 24ರಂದು ಘೋಷಣೆ ಆಯಿತು. ಅಕ್ಟೋಬರ್ 11ಕ್ಕೆ ಆರು ರಾಜ್ಯಗಳ 763 ಹಳ್ಳಿಗಳಲ್ಲಿ ಮೊದಲ ಕಾರ್ಡ್ ಹಂಚಿದರು. ಅದರಲ್ಲಿ ಕರ್ನಾಟಕದ ಹಳ್ಳಿ ಎರಡೇ ಎರಡು, ಅದು ಬೇರೆ ಮಾತು. 2025ರ ಜನವರಿ 18ರಂದು ಒಂದೇ ದಿನ 65 ಲಕ್ಷ ಕಾರ್ಡ್ ಹಂಚಿಕೆ ಆಯಿತು. ಉತ್ತರ ಪ್ರದೇಶದಲ್ಲಿ ಇದನ್ನು ಘರೌನಿ ಅನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಸನ್ನದು, ನಮ್ಮಲ್ಲಿ ಗ್ರಾಮೀಣ ಆಸ್ತಿ ಮಾಲೀಕತ್ವದ ದಾಖಲೆ. ಇದನ್ನು ಸರಪಳಿಯಲ್ಲಿ ಮಾಡಲು ಹೊರಟಿದ್ದರೆ ನಾವೆಲ್ಲ ಓಣಿ ಓಣಿಯಲ್ಲಿ ಮುದುಕರಾಗುತ್ತಿದ್ದೆವು.

ಡ್ರೋನ್ ತಾನಾಗೇ ಬಂದು ಗಡಿ ತೀರ್ಮಾನ ಮಾಡುತ್ತದೆ ಅನ್ನುವ ಭಯ ತುಂಬಾ ಜನಕ್ಕೆ ಇದೆ. ಹಾಗಲ್ಲ. ಡ್ರೋನ್ ಹಾರುವ ಮುಂಚೆ ಪಂಚಾಯಿತಿಯವರು, ಸರ್ವೆಯವರು, ಮನೆಯವರು ಸೇರಿ ಪ್ರತಿ ಆಸ್ತಿಯ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು. ಪಕ್ಕದ ಮನೆಯವರು ಎದುರಿಗೇ ಇರುತ್ತಾರೆ. ಮೇಲಿನಿಂದ ಕಾಣುವುದು ಆ ಬಿಳಿ ಗೆರೆ. ಅಂದರೆ ಗಡಿ ಹಾಕುವವರು ಊರಿನವರೇ. ಡ್ರೋನ್ ಅದನ್ನು ಬರೆದುಕೊಳ್ಳುತ್ತದೆ. ಆಮೇಲೆ ಕರಡು ನಕ್ಷೆ ಬರುತ್ತದೆ, ಆಕ್ಷೇಪಣೆ ಕೇಳುತ್ತಾರೆ. ಇಷ್ಟು ಬಹಿರಂಗವಾಗಿ ಹಿಂದೆ ಯಾವ ಸರ್ವೆ ನಡೆದಿತ್ತು ಹೇಳಿ?

ಬಗರ್ ಹುಕುಂ, ಅಂದರೆ ಸರಕಾರಿ ಜಮೀನನ್ನು ಅನುಮತಿ ಇಲ್ಲದೆ ಉಳುತ್ತಿರುವವರಿಗೆ ಸಕ್ರಮ ಮಾಡಿಕೊಡುವ ವಿಷಯಕ್ಕೆ ಬಂದರೆ ನನ್ನ ದನಿ ಸ್ವಲ್ಪ ಜೋರಾಗುತ್ತದೆ. ನಮೂನೆ 57ರಲ್ಲಿ ಅರ್ಜಿ ಹಾಕಿದವರು 2005ರ ಜನವರಿ 1ಕ್ಕೂ ಮುಂಚೆಯಿಂದ ಆ ಸರಕಾರಿ ಜಮೀನನ್ನು ಸಾಗುವಳಿ ಮಾಡುತ್ತಿರಬೇಕು. ಇದನ್ನು ಪರೀಕ್ಷೆ ಮಾಡುವುದು ಹೇಗೆ? ಹಿಂದೆ ಆಗುತ್ತಿದ್ದದ್ದು ಸ್ಥಳೀಯ ಮಹಜರು, ಅಂದರೆ ಸ್ಥಳ ನೋಡಿ ಊರಿನವರ ಸಹಿ ಹಾಕಿಸಿ ಬರೆಯುವ ವರದಿ. ಮಹಜರಿಗೆ ಸಹಿ ಹಾಕುವವರು ಯಾರು, ಯಾರ ಮಾತಿಗೆ ಹಾಕುತ್ತಾರೆ ಅಂತ ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಒಬ್ಬ ಬಡವ ನಿಜವಾಗಿ ಉತ್ತರೂ ಅವನ ಪರ ಸಹಿ ಬೀಳಲ್ಲ. ಗೋಮಾಳದಲ್ಲಿ ಒಂದು ದಿನವೂ ನೇಗಿಲು ಹಿಡಿಯದವನಿಗೆ ಐದು ಸಹಿ ಬೀಳುತ್ತದೆ. ಈಗ ಕಂದಾಯ ಇಲಾಖೆ ಆ್ಯಪ್ ಮಾಡಿ, ಹಳೆಯ ಉಪಗ್ರಹ ಚಿತ್ರ ಇಟ್ಟುಕೊಂಡು, ಆಗ ಆ ಜಾಗದಲ್ಲಿ ಉಳುಮೆ ಇತ್ತೋ ಕುರುಚಲು ಇತ್ತೋ ಅಂತ ನೋಡುತ್ತಿದೆ. ಉಪಗ್ರಹಕ್ಕೆ ಜಾತಿ ಗೊತ್ತಿಲ್ಲ, ಪಕ್ಷ ಗೊತ್ತಿಲ್ಲ, ಯಾರು ಯಾರ ಷಡ್ಡಕ ಅಂತಲೂ ಗೊತ್ತಿಲ್ಲ.

ದಿಶಾಂಕ್ ಆ್ಯಪ್ ಬಗ್ಗೆ ಎರಡೇ ಮಾತು. ನಿಂತ ಜಾಗದಲ್ಲಿ ಫೋನ್ ತೆರೆದರೆ ಸರ್ವೆ ನಂಬರು, ಕೆರೆ, ರಾಜಕಾಲುವೆ, ಸರಕಾರಿ ಜಾಗ ಎಲ್ಲ ಕಾಣುತ್ತದೆ. ಸೈಟಿಗೆ ಮುಂಗಡ ಕೊಡುವ ಮುಂಚೆ ಅದನ್ನು ನೋಡಿದ್ದರೆ ಬೆಂಗಳೂರಿನಲ್ಲಿ ಎಷ್ಟೋ ಮನೆಯವರು ರಾಜಕಾಲುವೆ ಮೇಲೆ ಮನೆ ಕಟ್ಟಿಕೊಂಡು ಜೆಸಿಬಿ ಎದುರು ನಿಲ್ಲುವುದು ತಪ್ಪುತ್ತಿತ್ತು.

ತಪ್ಪು ಆಗುವುದೇ ಇಲ್ಲ ಅನ್ನುತ್ತಿಲ್ಲ. ಮರದ ನೆರಳು ಬೀಳುತ್ತದೆ, ಚಾವಣಿ ಗೋಡೆಗಿಂತ ಎರಡು ಅಡಿ ಮುಂದೆ ಇರುತ್ತದೆ, ಸುಣ್ಣ ಅಳಿಸಿಹೋಗುತ್ತದೆ. ಅದಕ್ಕೇ ಕೆಳಗೆ ಒಬ್ಬ ಭೂಮಾಪಕ ಬೇಕು. ನನ್ನ ವಾದ ಇಷ್ಟೇ. ಮೊದಲು ಚಿತ್ರ, ಆಮೇಲೆ ಅನುಮಾನ ಇದ್ದ ಕಡೆ ಮಾತ್ರ ನೆಲದ ಅಳತೆ. ಈಗ ನಾವು ಮಾಡುತ್ತಿರುವುದು ತಲೆಕೆಳಗು. ಪ್ರತಿ ಜಗಳಕ್ಕೂ ಹೊಸದಾಗಿ ಅಳೆಯುತ್ತೇವೆ, ಒಂದರ ಅಳತೆ ಇನ್ನೊಂದಕ್ಕೆ ಕೂಡುವುದಿಲ್ಲ. ಆ ಚಿತ್ರವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ದೊಡ್ಡದಾಗಿ ಅಂಟಿಸಿ. ಬೀಗ ಹಾಕಿದ ಕಂಪ್ಯೂಟರಿನಲ್ಲಿ ಇಡಬೇಡಿ.

ವಿರೋಧ: ಮರ ಕಾಣುತ್ತದೆ, ಹಕ್ಕು ಕಾಣಲ್ಲ

ಮೇಲಿನ ಲೇಖನದ ಭೂಮಾಪಕರು ಹೇಳಿದ್ದರಲ್ಲಿ ಬಯಲುಸೀಮೆಗೆ ಒಪ್ಪುವ ಮಾತು ಜಾಸ್ತಿ ಇದೆ. ಬೋಳು ಹೊಲ, ನೆಟ್ಟಗಿನ ಬದು, ಮೇಲೆ ತಿಳಿ ಆಕಾಶ ಇದ್ದರೆ ಡ್ರೋನ್ ಸರಪಳಿಗಿಂತ ಚೆನ್ನಾಗಿ ಅಳೆಯುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಿಯಮ ಮಾಡುವಾಗ ಕೋಲಾರಕ್ಕೊಂದು, ಸಿದ್ದಾಪುರಕ್ಕೊಂದು ಮಾಡುವುದಿಲ್ಲ. ಚಿತ್ರಕ್ಕೆ ಮೊದಲ ಸ್ಥಾನ ಅಂತ ಒಮ್ಮೆ ಬರೆದರೆ ಅದು ನಮ್ಮ ತೋಟಕ್ಕೂ ಬರುತ್ತದೆ.

ಬಂದರೆ ಏನಾಗುತ್ತದೆ ಅಂತ ಪಶ್ಚಿಮ ಘಟ್ಟದವರು ಆಗಲೇ ನೋಡಿದ್ದೇವೆ. 2013ರ ಏಪ್ರಿಲಿನಲ್ಲಿ, ಘಟ್ಟ ಉಳಿಸುವ ಬಗ್ಗೆ ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟಿತು. ಆರು ರಾಜ್ಯಗಳಲ್ಲಿ 59,940 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂದಿತು. ಕರ್ನಾಟಕದ ಪಾಲು 20,668. ಗುರುತು ಹಾಕಿದ್ದು ಉಪಗ್ರಹದ ಚಿತ್ರ ನೋಡಿ. ಸಮಿತಿ ಬಳಸಿದ್ದು ಲಿಸ್-3 ಅನ್ನುವ ಕ್ಯಾಮೆರಾದ ಚಿತ್ರ. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 23.5 ಮೀಟರ್ ಉದ್ದ, ಅಷ್ಟೇ ಅಗಲ. ಭೂಮಾಪಕರ ಲೆಕ್ಕದಲ್ಲೇ ಹೇಳುವುದಾದರೆ ಒಂದು ಚುಕ್ಕೆಗೆ ಸುಮಾರು ಐದೂವರೆ ಗುಂಟೆ. ಆ ಐದೂವರೆ ಗುಂಟೆಯಲ್ಲಿ ಅಡಿಕೆ ಇದೆಯೋ, ಅಡಿಕೆಯ ಪಕ್ಕದ ಹಲಸು ಇದೆಯೋ, ಮನೆ ಇದೆಯೋ, ಎಲ್ಲ ಕಲೆಸಿ ಒಂದೇ ಬಣ್ಣ. ಒಂದು ಹಳ್ಳಿಯಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಜಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ ಸೇರಿತು.

ಸಮಿತಿಯವರು ಕಾಡನ್ನೂ ತೋಟವನ್ನೂ ಬೇರೆ ಮಾಡಲಿಕ್ಕೇ ಹೊರಟಿದ್ದರು ಅನ್ನುವುದು ನಿಜ. ಒಂದಕ್ಕೆ ನೈಸರ್ಗಿಕ ಭೂದೃಶ್ಯ, ಇನ್ನೊಂದಕ್ಕೆ ಸಾಂಸ್ಕೃತಿಕ ಭೂದೃಶ್ಯ ಅಂತ ಹೆಸರಿಟ್ಟರು. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಮರಗಳ ನೆರಳಲ್ಲಿ ಬೆಳೆದ ಕಾಫಿ ಮೇಲಿನಿಂದ ನೋಡಿದರೆ ಕಾಡೇ ಅಲ್ವಾ? ಕೇರಳದವರು ಏನು ಮಾಡಿದರು ನೋಡಿ. ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ನೆಲದ ಮೇಲೆ ಪರಿಶೀಲನೆ ನಡೆಸಿದರು. 13,108 ಚದರ ಕಿಲೋಮೀಟರ್ ಇದ್ದದ್ದು 9,993.7ಕ್ಕೆ ಇಳಿಯಿತು. 2014ರ ಕರಡು ಅಧಿಸೂಚನೆಯಲ್ಲಿ ಕೇಂದ್ರವೇ ಅದನ್ನು ಒಪ್ಪಿತು. ಅಂದರೆ ಒಂದೇ ರಾಜ್ಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್, ನೆಲಕ್ಕೆ ಇಳಿದು ನೋಡಿದ ಮೇಲೆ ಪಟ್ಟಿಯಿಂದ ಹೊರಗೆ. ಕರ್ನಾಟಕದ ಸರಕಾರಗಳು ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ. ಕರಡು ಬಂದಾಗಲೆಲ್ಲ ವಿರೋಧ ಅಂತ ಒಂದು ಪತ್ರ ಬರೆದು ಸುಮ್ಮನಾದರು. 2024ರ ಜುಲೈ ಕೊನೆಗೆ ಬಂದದ್ದು ಆರನೇ ಕರಡು. ಆಗಲೂ ಅದೇ ನಡೆಯಿತು. ನಾನು ಘಟ್ಟ ಉಳಿಯಬಾರದು ಅನ್ನುವವನಲ್ಲ. ಘಟ್ಟ ಉಳಿಸಲು ಹೊರಟವರು ನಮ್ಮ ಅಂಗಳಕ್ಕೆ ಬಂದು ನೋಡಬೇಕಿತ್ತು ಅನ್ನುವವನು.

ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕವೂ ಹೀಗೇ. ಒಂದು ಹೆಕ್ಟೇರ್ ಜಾಗದಲ್ಲಿ ಮರದ ನೆತ್ತಿ ಶೇಕಡಾ 10ಕ್ಕಿಂತ ಜಾಸ್ತಿ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಯಾರ ಜಮೀನು, ಯಾವ ಮರ ಅಂತ ಕೇಳುವುದಿಲ್ಲ. ತೋಟವೂ ಲೆಕ್ಕಕ್ಕೆ ಬರುತ್ತದೆ. ಹಸಿರು ಎಷ್ಟಿದೆ ಅಂತ ತಿಳಿಯಲು ಆ ಅಂಕಿ ಸರಿ. ಅದೇ ಅಂಕಿ ಹಿಡಿದು ಬಂದು ಇದು ಕಾಡು, ನೀವು ಇಲ್ಲಿ ಏನು ಮಾಡುತ್ತಿದ್ದೀರಿ ಅಂದರೆ ಕಷ್ಟ.

ನಿಜವಾದ ತೊಂದರೆ ಚುಕ್ಕೆಯ ಗಾತ್ರದ್ದಲ್ಲ. ನಾಳೆ ಒಂದು ಸೆಂಟಿಮೀಟರ್ ಚುಕ್ಕೆ ಬರಬಹುದು. ಆಗಲೂ ಸೊಪ್ಪಿನ ಬೆಟ್ಟ ಕಾಣುವುದು ಕಾಡಿನ ಹಾಗೇ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅನ್ನುವ ರೂಢಿ ಬ್ರಿಟಿಷರ ಕಾಲದಿಂದ ಕಾಗದದ ಮೇಲಿದೆ. ಸೊಪ್ಪು ಕಡಿಯಬಹುದು, ದರಕು (ಒಣಗಿ ಬಿದ್ದ ಎಲೆ) ಗುಡಿಸಬಹುದು, ದನ ಮೇಯಿಸಬಹುದು. ಜಮೀನು ಸರಕಾರದ್ದು, ಅನುಭೋಗ ತೋಟದವನದ್ದು. ದಕ್ಷಿಣ ಕನ್ನಡಕ್ಕೆ ಹೋದರೆ ಕುಮ್ಕಿ. ವರ್ಗ, ಅಂದರೆ ಸ್ವಂತ ಪಟ್ಟಾ ಜಮೀನಿನ ಅಂಚಿನಿಂದ ನೂರು ಗಜದವರೆಗೆ ಆ ಜಮೀನಿನವನಿಗೆ ಸೌಲಭ್ಯ. ಆ ನೂರು ಗಜದ ಕೊನೆಯಲ್ಲಿ ಬೇಲಿ ಇಲ್ಲ, ಅಗಳ ಇಲ್ಲ, ಕಲ್ಲೂ ಇಲ್ಲ. ಕೊಡಗಿಗೆ ಹೋದರೆ ಬಾಣೆ, ಗದ್ದೆಯ ಜೊತೆಗೆ ಬರುವ ಮರಗಾಡಿನ ಜಾಗ. ಇನ್ನು ಕಾನು, ಹಾಡಿ ಅಂತ ಬೇರೆ ಬೇರೆ ಇವೆ. ಇವೆಲ್ಲ ಮೇಲಿನಿಂದ ಒಂದೇ ಹಸಿರು. ಒಂದೊಂದಕ್ಕೂ ಕೆಳಗೆ ಬೇರೆ ಕಾನೂನು, ಬೇರೆ ಬಾಧ್ಯತೆ, ಬೇರೆ ಜಗಳ. ಇದನ್ನು ಯಾವ ಕ್ಯಾಮೆರಾ ತೋರಿಸುತ್ತದೆ? ಇದಿರುವುದು ಹಳೆಯ ಆದೇಶದ ಕಡತದಲ್ಲಿ, ಊರಿನ ಹಿರಿಯರ ನೆನಪಿನಲ್ಲಿ. ಆ ಕಡತ ಮುಟ್ಟಿದರೆ ಮುರಿಯುತ್ತದೆ ಅಂತ ಭೂಮಾಪಕರು ಹೇಳಿದರು. ಹಾಗಾದರೆ ಮೊದಲು ಅದನ್ನು ಉಳಿಸುವ ಕೆಲಸ ಆಗಲಿ.

ಬಗರ್ ಹುಕುಂ ಬಗ್ಗೆ ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಸುಳ್ಳು ಮಹಜರು ನಮ್ಮ ಕಡೆಯೂ ಇದೆ. ಆದರೆ 2005ರ ಜನವರಿ 1ಕ್ಕೂ ಮುಂಚಿನ ಸಾಗುವಳಿಯನ್ನು ಉಪಗ್ರಹದಲ್ಲಿ ನೋಡುತ್ತೇವೆ ಅಂದರೆ ಯಾವ ಉಪಗ್ರಹ ಅಂತ ಕೇಳಬೇಕಲ್ಲ? ಭೂಪಟದ ಕೆಲಸಕ್ಕೆಂದೇ ಇಸ್ರೋ ಹಾರಿಸಿದ, ಎರಡೂವರೆ ಮೀಟರ್‌ವರೆಗೆ ಕಾಣುವ ಕಾರ್ಟೋಸ್ಯಾಟ್-1 ಮೇಲೆ ಹೋದದ್ದೇ 2005ರ ಮೇ 5ರಂದು. ಅದಕ್ಕೂ ಹಿಂದಿನ ಲಿಸ್-3 ಚಿತ್ರದಲ್ಲಾದರೆ ಇಪ್ಪತ್ತು ಗುಂಟೆಯ ತುಂಡು ನಾಲ್ಕು ಚುಕ್ಕೆ ಕೂಡ ಆಗುವುದಿಲ್ಲ. ಮಳೆಗಾಲದಲ್ಲಿ ಬೆಳೆ ಇರುತ್ತದೆ, ಆಗ ಮೋಡ. ಮೋಡ ಸರಿದ ಮಾರ್ಚಿನಲ್ಲಿ ಮಳೆ ನಂಬಿದ ರಾಗಿ ಹೊಲವೂ ಗೋಮಾಳವೂ ಒಂದೇ ತರಹ ಒಣಗಿ ಬಿದ್ದಿರುತ್ತವೆ. ಬೋರ್‌ವೆಲ್ ಹಾಕಿಸಿ ಬೇಸಿಗೆಯಲ್ಲೂ ಹಸಿರು ಮಾಡಿದ ಅನುಕೂಲಸ್ಥನ ಒತ್ತುವರಿ ಚೆನ್ನಾಗಿ ಕಾಣುತ್ತದೆ. ಮಳೆ ಬಂದರೆ ಉಂಟು ಅನ್ನುವ ಬಡವನ ಹೊಲ ಕಾಣಲ್ಲ. ಉಪಗ್ರಹಕ್ಕೆ ಪಕ್ಷ ಗೊತ್ತಿಲ್ಲ ಅಂದರು. ನೀರಾವರಿ ಯಾರಿಗಿದೆ ಅಂತ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದು ಇನ್ನೂ ತೀಕ್ಷ್ಣವಾಗಿ ಬಂತು. ಕಾಡಿನ ಜಾಗದ ಮೇಲೆ ಹಕ್ಕು ಸಿಗಬೇಕಾದರೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರು ಅಂತ ತೋರಿಸಬೇಕು. ಬೇರೆ ಸಾಂಪ್ರದಾಯಿಕ ಅರಣ್ಯವಾಸಿಗಳು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತದೆ. ನೆಲದ ಚಿತ್ರ ತೆಗೆಯಲೆಂದು ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಹಾರಿಸಿದ್ದು 1972ರಲ್ಲಿ. ನಮ್ಮ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚಿನಲ್ಲಿ. 1930ರ ಗುಡಿಸಲನ್ನು ಯಾವುದರಲ್ಲಿ ಹುಡುಕುವುದು? ಹೀಗಿದ್ದರೂ ದೇಶದ ಕೆಲವು ಕಡೆ ಉಪಗ್ರಹದ ಚಿತ್ರದಲ್ಲಿ ಸಾಗುವಳಿ ಕಾಣಲಿಲ್ಲ ಅಂತ ಅರ್ಜಿಗಳನ್ನು ವಜಾ ಮಾಡಿದರು. ಗುಜರಾತಿನಲ್ಲಿ ಅದು ಹೈಕೋರ್ಟಿಗೂ ಹೋಯಿತು.

ಇಲ್ಲಿ ನೋಡಬೇಕಾದ್ದು ಯಾರ ಮೇಲೆ ಹೊರೆ ಬೀಳುತ್ತದೆ ಅನ್ನುವುದನ್ನು. ಬಾಯಿಮಾತಿನ ಸಾಕ್ಷಿ ಆದರೆ ಎದುರಿನವನು ತಪ್ಪು ಹೇಳಿದ ಅಂತ ಹಳ್ಳಿಯ ಮನುಷ್ಯನೂ ವಾದ ಮಾಡಬಹುದು. ಚಿತ್ರದಲ್ಲಿ ನೀವಿಲ್ಲ ಅಂತ ಅಧಿಕಾರಿ ಪರದೆ ತಿರುಗಿಸಿ ತೋರಿಸಿದರೆ ಅವನು ಏನು ಹೇಳಬೇಕು? ಯಾವ ತಿಂಗಳ ಚಿತ್ರ, ಎಷ್ಟು ಮೀಟರಿನದ್ದು, ಹೊಂದಿಸುವಾಗ ಎಷ್ಟು ಜಾರಿದೆ ಅಂತ ಕೇಳಲು ಅವನಿಗೆ ಭಾಷೆಯೇ ಇಲ್ಲ. ಕೇಳಿದರೂ ಎದುರಿಗಿದ್ದವರಿಗೆ ಉತ್ತರ ಗೊತ್ತಿರುವುದಿಲ್ಲ.

ಈಗ ಡ್ರೋನ್ ವಿಷಯ. ಸುಣ್ಣದ ಗೆರೆ ಹಾಕುವವರು ಊರಿನವರೇ ಅಂದರು. ಸರಿ, ಊರಿನವರಲ್ಲಿ ಯಾರು? ಗಂಡ ಮುಂಬೈಯಲ್ಲಿ, ಹೆಂಡತಿ ಮನೆಯಲ್ಲಿ ಇದ್ದರೆ ಗೆರೆ ಹಾಕುವಾಗ ಮಾತಾಡುವವನು ಭಾವ. ಅಣ್ಣತಮ್ಮಂದಿರು ಪಾಲಾಗದ ಮನೆಯಲ್ಲಿ ಹಿತ್ತಲು ಯಾರದ್ದು, ಕೊಟ್ಟಿಗೆ ಯಾರದ್ದು, ಕಣಕ್ಕೆ ಹೋಗುವ ದಾರಿ ಯಾರದ್ದು? ಇಷ್ಟು ದಿನ ಅದನ್ನು ಬರೆದಿಡದೇ ಹೊಂದಿಕೊಂಡು ಹೋಗುತ್ತಿದ್ದರು. ಸರ್ವೆಯ ದಿನ ಒಂದು ಬೆಳಗ್ಗೆಯಲ್ಲಿ ಅದು ತೀರ್ಮಾನ ಆಗಬೇಕು. ಬಾಯಿ ಇದ್ದವನ ಗೆರೆ ಒಂದಡಿ ಮುಂದೆ ಹೋಗುತ್ತದೆ. ಡ್ರೋನ್ ಆ ಒಂದಡಿಯನ್ನು 5 ಸೆಂಟಿಮೀಟರ್ ನಿಖರತೆಯಲ್ಲಿ ದಾಖಲು ಮಾಡಿಕೊಳ್ಳುತ್ತದೆ.

ಇನ್ನು ಅಡಿಕೆ ತೋಟದೊಳಗೆ ಸುಣ್ಣ ಚೆಲ್ಲಿದರೆ ಮೇಲಿನಿಂದ ಕಾಣುವುದು ಅಡಿಕೆಯ ಸೋಗೆ ಮಾತ್ರ. ಅದನ್ನು ಭೂಮಾಪಕರೂ ಅರ್ಧ ಒಪ್ಪಿಕೊಂಡಿದ್ದಾರೆ.

ಪಕ್ಕದ ಆಂಧ್ರವನ್ನು ಒಮ್ಮೆ ನೋಡಿ. 2020ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಜಗನ್ ಅವರ ಸರಕಾರ ಡ್ರೋನ್, ಕಾರ್ಸ್ ಎಲ್ಲ ಇಟ್ಟುಕೊಂಡು ಇಡೀ ರಾಜ್ಯದ ಮರು ಸರ್ವೆ ಶುರುಮಾಡಿತು. ತಾಂತ್ರಿಕವಾಗಿ ನಮ್ಮವರು ಕನಸು ಕಾಣುವ ಹಾಗೇ ಇತ್ತು. ಆಮೇಲೆ ದೂರುಗಳ ಮಳೆ. ಜಮೀನಿನ ಪಾಸ್‌ಬುಕ್ಕಿನಲ್ಲಿ ವಿಸ್ತೀರ್ಣ ಕಮ್ಮಿ ಬಂತು ಅಂತ ರೈತರು ಅಂದರು. ಬೇರೆ ಬೇರೆ ರೈತರ ಜಮೀನನ್ನು ಒಂದೇ ಜಂಟಿ ನಂಬರಿಗೆ ಹಾಕಿಬಿಟ್ಟಿದ್ದಾರೆ, ಮಾರಲು ಆಗುತ್ತಿಲ್ಲ ಅಂದರು. ಪೋಡಿ ಆಗದ ಜಮೀನಿನ ನಮ್ಮ ಸಮಸ್ಯೆಯನ್ನು ಡ್ರೋನ್ ಹಾರಿಸಿ ಹೊಸದಾಗಿ ಹುಟ್ಟುಹಾಕಿದ ಹಾಗಾಯಿತು. ಪಾಸ್‌ಬುಕ್ಕಿನ ಮೇಲೆ ಮುಖ್ಯಮಂತ್ರಿಯ ಫೋಟೊ ಬೇರೆ. ಹಕ್ಕಿನ ಬಗ್ಗೆ ತಂದ ಭೂ ಶೀರ್ಷಿಕೆ ಕಾಯ್ದೆಯೂ ಸೇರಿ 2024ರ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯ ಆಯಿತು. ಹೊಸ ಸರಕಾರ ಬಂದು ಆ ಕಾಯ್ದೆಯನ್ನು ರದ್ದು ಮಾಡಿತು. ಅಲ್ಲಿ ಕೆಟ್ಟದ್ದು ಕ್ಯಾಮೆರಾ ಅಲ್ಲ. ಗುರಿ ಮುಟ್ಟುವ ಅವಸರದಲ್ಲಿ ರೈತನ ಆಕ್ಷೇಪಣೆ ಕೇಳಲು ಹೊತ್ತು ಇರಲಿಲ್ಲ.

ಚಿತ್ರ ತೆಗೆಯುವುದು ಬೇಗ ಆಗುತ್ತದೆ. ಒಂದು ಊರಿಗೆ ಒಂದೆರಡು ದಿನ ಸಾಕು. ಆಕ್ಷೇಪಣೆ ಕೇಳಿ, ಕಡತ ತೆಗೆದು, ಸ್ಥಳಕ್ಕೆ ಹೋಗಿ, ಎರಡೂ ಕಡೆಯವರನ್ನು ಕೂರಿಸಿ ಮುಗಿಸುವುದಕ್ಕೆ ವರ್ಷಗಳು ಬೇಕು. ಸರಕಾರ ಹಣ ಹಾಕುವುದು ಮೊದಲನೆಯದಕ್ಕೆ. ಅದನ್ನು ಅಂಕಿಯಲ್ಲಿ ತೋರಿಸಬಹುದು, ಒಂದೇ ದಿನ 65 ಲಕ್ಷ ಕಾರ್ಡ್ ಹಂಚಬಹುದು. ಎರಡನೆಯದಕ್ಕೆ ಬೇಕಾದ ಭೂಮಾಪಕರ ಹುದ್ದೆ ತುಂಬುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಡ್ರೋನ್ ನಿಲ್ಲಿಸಿ ಅಂತಲ್ಲ. 2012ರಲ್ಲಿ ಅರಣ್ಯ ಹಕ್ಕು ನಿಯಮಗಳಿಗೆ ತಿದ್ದುಪಡಿ ತಂದಾಗ ಕೇಂದ್ರ ಸರಕಾರವೇ ಒಂದು ಸಾಲು ಸೇರಿಸಿದೆ. ಉಪಗ್ರಹ ಚಿತ್ರ ಮತ್ತು ಇತರ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕ ಆಗಬಹುದು, ಅವುಗಳ ಬದಲಿಗೆ ನಿಲ್ಲುವಂತಿಲ್ಲ ಅನ್ನುವುದು ಅದರ ತಾತ್ಪರ್ಯ. ಆ ಸಾಲನ್ನು ಕರ್ನಾಟಕ ಭೂಕಂದಾಯ ನಿಯಮಗಳಿಗೂ ಬರೆಯಿರಿ. ಬಗರ್ ಹುಕುಂ ಸಮಿತಿಯ ಮೇಜಿನ ಮೇಲೂ ಅಂಟಿಸಿ. ಚಿತ್ರ ನೋಡಿ ಅರ್ಜಿ ವಜಾ ಮಾಡುವ ಅಧಿಕಾರಿ, ಚಿತ್ರ ಯಾವ ದಿನದ್ದು, ಯಾವ ಉಪಗ್ರಹದ್ದು ಅಂತ ಆದೇಶದಲ್ಲೇ ಬರೆದು, ಅದರ ಪ್ರತಿಯನ್ನು ಅರ್ಜಿದಾರನ ಕೈಗೆ ಕೊಡಲಿ. ಪಂಚಾಯಿತಿಯ ಗೋಡೆಗೆ ಚಿತ್ರ ಅಂಟಿಸುವ ಭೂಮಾಪಕರ ಸಲಹೆ ಒಳ್ಳೆಯದೇ. ಪಕ್ಕದಲ್ಲೇ ಆ ಊರಿನ ಬೆಟ್ಟ, ಕುಮ್ಕಿ, ಬಾಣೆಯ ಹಳೆಯ ಆದೇಶಗಳ ಪಟ್ಟಿಯೂ ಇರಲಿ.